ಅಕ್ಕನ ಶ್ರುತಿ

ಕುಷ್ಟಗಿ
12 ಡಿಸೆಂಬರ್ 2024

ಅಕ್ಕನಿಗೆ,

ಕ್ಷೇಮ ಸಮಾಚಾರ ಬರೆಯುವಷ್ಟು ಸಮಾಧಾನ ನನಗಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ಆನೆಗೊಂದಿಯ ಸಂಗೀತ ಸಭೆಯವರ ಆಮಂತ್ರಣ ಪತ್ರಿಕೆ ನಿನ್ನೆ ನಮ್ಮ ಲೈಬ್ರರಿಗೆ ಬಂತು, ಬೋರ್ಡಿಗೆ ಹಚ್ಚಿರಿ ಎಂಬ ಚೀಟಿಯ ಜೊತೆಗೆ. ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ ಸಂಜೆ ‘ಗಂಗಾವತಿ ಸೋದರಿಯರಿಂದ’ ಶಾಸ್ತ್ರೀಯ ಗಾಯನ ಮತ್ತು ದೇವರನಾಮ. ಒಳಗೆ ನಮ್ಮಿಬ್ಬರ ಹಳೆಯ ಫೋಟೊ. ಕೆಳಗೆ ವಿದುಷಿ ಶೇಖರಮ್ಮ ಮತ್ತು ಶಿವಲೀಲಾ. ನನಗೆ ವಿದುಷಿ ಎಂಬ ಪಟ್ಟ ಇಲ್ಲದಿರುವುದರ ಜಗಳ ಬೇರೆ ದಿನಕ್ಕಿರಲಿ. ನಾನು ವೇದಿಕೆ ಬಿಟ್ಟು ವರ್ಷದ ಮೇಲಾಯಿತು, ಅದು ನಿನಗೆ ಗೊತ್ತಿಲ್ಲದ ಸಂಗತಿಯೇ? ಒಂದು ಮಾತು ಕೇಳದೆ ನನ್ನ ಹೆಸರನ್ನು ಅಚ್ಚು ಹಾಕಿಸಲು ನಿನಗೆ ಹೇಳಿದವರು ಯಾರು?

ಬೋರ್ಡಿಗೆ ಹಚ್ಚುವುದು ನನ್ನ ಕೆಲಸ, ಹಚ್ಚಿದ್ದೇನೆ. ಪೇಪರ್ ಓದಲು ಬಂದವರೆಲ್ಲ ಇದು ನೀವೇನಾ ಮೇಡಂ ಎಂದು ಕೇಳುತ್ತಿದ್ದಾರೆ. ಹೌದು ಎನ್ನಲಾರೆ, ಅಲ್ಲ ಎನ್ನಲಾರೆ.

ಫೋನ್ ಮಾಡಿ ಬೈಯಬಹುದಿತ್ತು. ಆದರೆ ಫೋನಿನಲ್ಲಿ ನಿನ್ನ ಜೊತೆ ಮಾತಾಡಿದರೆ ನಾನು ಕೂಗಾಡುತ್ತೇನೆ, ಕೂಗಾಡಬಾರದೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಾರೆ. ಕಾಗದದ ಮೇಲೆ ಎಷ್ಟು ಕೂಗಿದರೂ ಗಂಟಲಿಗೆ ಏನೂ ಆಗುವುದಿಲ್ಲ. ನೀನೂ ಪತ್ರವನ್ನೇ ಬರೆ. ಫೋನ್ ಬಂದರೆ ಎತ್ತುವುದಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಕೊಪ್ಪಳದ ಕಛೇರಿ ನಿನಗೆ ನೆನಪಿರಬೇಕು. ಮೇಲಿನ ಸ್ಥಾಯಿಗೆ ಹೋಗಿ ನಿಲ್ಲುವ ಕಡೆ ನನ್ನ ದನಿ ಒಡೆಯಿತು, ಮತ್ತೆ ಬರಲೇ ಇಲ್ಲ. ನೀನು ಮೈಕಿಗೆ ಬಾಗಿ ನಮ್ಮ ತಂಗಿಗೆ ನೆಗಡಿ ಆಗೈತ್ರಿ ಎಂದು ನಕ್ಕು ಮುಂದಕ್ಕೆ ಹಾಡಿದೆ. ಒಳಗೆ ಬಂದ ಮೇಲೆ ಎಲ್ಲರ ಎದುರಿಗೆ, ಮೃದಂಗದ ಹೊಳಿಯಪ್ಪನೂ ಕೇಳುವಂತೆ, ‘ಸಾಧನಿ ಬಿಟ್ಟರ ಹಿಂಗ ಆಗೋದು’ ಎಂದೆ. ಅಕ್ಕಾ, ಸಾಧನೆ ಬಿಟ್ಟದ್ದರಿಂದ ಅಲ್ಲ, ಮಾಡಿದ್ದರಿಂದ ಆದದ್ದು ಅದು. ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ಧ್ವನಿತಂತುಗಳ ಮೇಲೆ ಎದ್ದ ಗಂಟುಗಳನ್ನು ನನಗೇ ತೋರಿಸಿದರು. ನಿಮ್ಮದಲ್ಲದ ಎತ್ತರದಲ್ಲಿ ಎಷ್ಟು ವರ್ಷ ಹಾಡಿದ್ರಿ ಎಂದು ಕೇಳಿದರು. ಇಪ್ಪತ್ತು ಎಂದೆ. ನಿನ್ನ ಶ್ರುತಿ ಹಾರ್ಮೋನಿಯಂನ ಆರನೆಯ ಮನೆ. ನನ್ನ ದನಿ ಸುಖವಾಗಿ ಕೂಡುವುದು ಎರಡು ಮನೆ ಕೆಳಗೆ, ನಾಲ್ಕರಲ್ಲಿ. ನೀನು ನಿಂತಲ್ಲಿಗೆ ಎಟುಕುವುದಕ್ಕೆ ನಾನು ಇಪ್ಪತ್ತು ವರ್ಷ ತುದಿಗಾಲ ಮೇಲೆ ನಿಂತು ಹಾಡಿದೆ. ಎಂದಾದರೂ ನಮ್ಮ ಶ್ರುತಿಪೆಟ್ಟಿಗೆಯ ಮುಳ್ಳು ಆರರಿಂದ ಕೆಳಗೆ ಬಂದದ್ದುಂಟೇ?

ಮೂರು ತಿಂಗಳು ಬಾಯಿ ಕಟ್ಟಿಕೊಂಡು ಕೂತಿದ್ದೆ. ಮಕ್ಕಳಿಗೆ ಊಟಕ್ಕೆ ಬನ್ನಿ ಎಂದು ಕರೆಯಲು ತಾಟು ಬಡಿಯುತ್ತಿದ್ದೆ. ನೀನು ಒಮ್ಮೆ ಬಂದು ನೋಡಲಿಲ್ಲ. ಈಗ ಉಳಿದಿರುವ ಇಷ್ಟು ದನಿಯನ್ನು ನಿನ್ನ ಆರನೆಯ ಮನೆಗೆ ಒಪ್ಪಿಸಲು ನಾನು ಸಿದ್ಧಳಿಲ್ಲ. ಆನೆಗೊಂದಿಗೆ ನಾನು ಬರುವುದಿಲ್ಲ.

ನಿನ್ನ ತಂಗಿ,
ಶಿವಲೀಲಾ


ಗಂಗಾವತಿ
18 ಡಿಸೆಂಬರ್ 2024

ಲೀಲಾ,

ನಿನ್ನ ಪತ್ರವನ್ನು ನನಗಿಂತ ಮೊದಲು ನಿಮ್ಮ ಮಾಮಾ ಒಡೆದು ಓದಿದರು. ಅಕ್ಕಿ ವ್ಯಾಪಾರದ ಪತ್ರ ಇರಬೇಕು ಅಂದುಕೊಂಡರಂತೆ. ಓದಿ ಮುಗಿಸಿ, ‘ಇದಕ್ಕಿಂತ ಫೋನ್ ಛಲೋ ಇತ್ತು’ ಎಂದು ನನ್ನ ಕೈಗೆ ಕೊಟ್ಟು ಅಂಗಡಿಗೆ ಹೋದರು. ಗಂಡನ ಮುಂದೆ ನನ್ನ ಮರ್ಯಾದೆ ತೆಗೆದದ್ದಕ್ಕೆ ನಿನಗೆ ಸಂತೋಷವಾಗಿರಬೇಕು.

ಬಂದು ನೋಡಲಿಲ್ಲ ಎನ್ನುತ್ತೀ. ಜ್ಯೇಷ್ಠಮಧು, ಕಲ್ಲುಸಕ್ಕರೆ, ಆಡುಸೋಗೆ ಸೊಪ್ಪು ಕಟ್ಟಿ ಕಳಿಸಿದವರು ಯಾರು? ಯಮನೂರ ನಮ್ಮ ಅಕ್ಕಿಗಾಡಿ ಹೊಡೆದುಕೊಂಡು ಕುಷ್ಟಗಿಗೆ ಬರುವಾಗಲೆಲ್ಲ ನಿನ್ನ ಮನೆಗೆ ಒಂದು ಚೀಲ ಇಳಿಸಿ ಬರುತ್ತಿದ್ದ. ಮಾತಾಡದವಳ ಎದುರಿಗೆ ಬಂದು ಕೂತು ನಾನು ಏನು ಮಾಡಬೇಕಿತ್ತು?

ಆರು ಮನೆ ನಾನು ಇಟ್ಟದ್ದಲ್ಲ. ಇಟ್ಟವರು ನಮ್ಮ ಗುರುಗಳು, ನಾವಿಬ್ಬರೂ ಹೆತ್ತ ತಾಯಿಯಂತೆ ಅಮ್ಮ ಎಂದು ಕರೆದವರು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಆ ತಗಡಿನ ಮನೆಯಲ್ಲಿ ನಮ್ಮಿಬ್ಬರನ್ನು ಕೂಡಿಸಿಕೊಂಡು ಪೆಟ್ಟಿಗೆಯ ಮುಳ್ಳು ತಿರುಗಿಸಿದವರು ಅಮ್ಮ. ಅಮ್ಮ ಈಗ ಇಲ್ಲ, ಇದ್ದಿದ್ದರೆ ಅವರಿಗೂ ಒಂದು ಪತ್ರ ಬರೆಯುತ್ತಿದ್ದೆಯೇನೋ. ಜೋಡಿ ಎಂದ ಮೇಲೆ ಒಂದೇ ಶ್ರುತಿ. ಒಬ್ಬರು ಹೊಂದಿಕೊಳ್ಳಬೇಕು. ಆಲಾಪನೆ ನನ್ನದು, ಸ್ವರ ನನ್ನದು, ಕಛೇರಿಯ ಭಾರವೆಲ್ಲ ನನ್ನ ಮೇಲೆ ಇತ್ತು. ಭಾರ ಹೊರುವವಳು ತನಗೆ ಒಗ್ಗುವ ಶ್ರುತಿ ಇಟ್ಟುಕೊಂಡರೆ ತಪ್ಪೇನು?

ನಿನಗೆ ಏನು ಕಡಿಮೆ ಮಾಡಿದ್ದೆ? ಕೊನೆಯಲ್ಲಿ ಹಾಡುವ ಕನ್ನಡ ಪದಗಳನ್ನೆಲ್ಲ ನಿನಗೇ ಬಿಟ್ಟಿದ್ದೆ. ಮೃದಂಗ ಒಂಟಿಯಾಗಿ ನುಡಿಯುವ ತನಿ ಮುಗಿದು, ತಿಳಿದವರು ಎದ್ದು ಹೋದ ಮೇಲೆ ಉಳಿದ ಮಂದಿಗೆ ಆ ಚಿಲ್ಲರೆ ಹಾಡುಗಳೇ ಬೇಕು. ಅವರ ಚಪ್ಪಾಳೆಯೆಲ್ಲ ನಿನಗೇ ಬಂತು. ನಾನು ಒಂದು ದಿನವಾದರೂ ಅದನ್ನು ಕಿತ್ತುಕೊಂಡಿದ್ದೇನೆಯೇ?

ಸಭೆಯ ಕಾರ್ಯದರ್ಶಿ ಶಾಂತಕುಮಾರ ಸೋದರಿಯರೇ ಬೇಕೆಂದು ಹಟ ಹಿಡಿದಿದ್ದಾನೆ. ಒಬ್ಬಳೇ ಬರುತ್ತೇನೆ ಎಂದರೆ ಅರ್ಧ ಜೋಡಿ ತಗೊಂಡು ಏನ್ ಮಾಡೂಣ್ರಿ ಎಂದು ನಕ್ಕ. ಆ ನಗು ನೀನು ಕೇಳಿಲ್ಲ, ನಾನು ಕೇಳಿದ್ದೇನೆ. ನಿನ್ನ ಹೆಸರು ಬರೆಸದೆ ಇನ್ನೇನು ಮಾಡಲಿ? ಬಾ. ಮೇಲಿನ ಸಂಗತಿಗಳನ್ನು ನಾನು ಹಾಡುತ್ತೇನೆ, ನೀನು ಕೆಳಗೆ ಹಾಡಿಕೊಂಡು ಕೂಡು.

ಶೇಖರಮ್ಮ


ಕುಷ್ಟಗಿ
23 ಡಿಸೆಂಬರ್ 2024

ಅಕ್ಕನಿಗೆ,

ಅಮ್ಮನ ಹೆಸರನ್ನು ನೀನು ಎತ್ತಿದ್ದರಿಂದ ಬರೆಯುತ್ತಿದ್ದೇನೆ.

ಅಮ್ಮ ಆರು ಮನೆ ಇಟ್ಟಾಗ ನಾನು ಮೂರನೆಯ ತರಗತಿಯ ಹುಡುಗಿ. ಆ ವಯಸ್ಸಿನಲ್ಲಿ ಎಲ್ಲರ ದನಿಯೂ ಮೇಲೆಯೇ ಇರುತ್ತದೆ. ನಾನು ಕಾಲೇಜು ಸೇರುವ ಹೊತ್ತಿಗೆ ನನ್ನದು ಇಳಿಯಿತು, ನಿನ್ನದು ಇಳಿಯಲಿಲ್ಲ. ಅಮ್ಮ ಅವತ್ತು ನಮ್ಮಿಬ್ಬರ ಎದುರಿಗೇ ನನ್ನ ದನಿ ಕೇಳಿ ತಮ್ಮ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ‘ಚಿನ್ನಮ್ಮಾಯಿ ಗೊಂತು ಇಳಿದಿದೆ, ಶ್ರುತಿ ಕೂಡಾ ಇಳೀಬೇಕು’ ಎಂದರು. ಇಬ್ಬರಿಗೂ ನಡುವೆ ಐದು ಇಡೋಣ ಎಂದರು. ನೀನು ಐದರಲ್ಲಿ ಒಂದು ವರ್ಣ ಹಾಡಿದೆ, ‘ನನ್ನ ದನಿ ಮಂಕಾಯಿತು’ ಎಂದು ತಂಬೂರಿ ಕೆಳಗಿಟ್ಟೆ, ಮನೆಗೆ ಬಂದು ಊಟ ಬಿಟ್ಟು ಮಲಗಿದೆ. ಅಪ್ಪ ಹೆದರಿ ಕ್ಯಾಂಪಿಗೆ ಹೋಗಿ ಅಮ್ಮನ ಹತ್ತಿರ ಕೈಮುಗಿದರು. ಮರುದಿನ ಮುಳ್ಳು ಮತ್ತೆ ಆರಕ್ಕೆ ಬಂತು. ಅಮ್ಮ ನನ್ನ ಬೆನ್ನು ಸವರಿ, ನೀನು ಚಿಕ್ಕವಳು, ಸುಧಾರಿಸಿಕೋ ಎಂದರು. ನಾನು ಇಪ್ಪತ್ತು ವರ್ಷ ಸುಧಾರಿಸಿಕೊಂಡೆ.

ಕೆಳಗೆ ಹಾಡಿಕೊಂಡು ಕೂಡು ಎನ್ನುತ್ತೀ. ಕೂಡಿಸಲು ನಾನೇನು ವೇದಿಕೆಯ ಹೂದಾನಿಯೇ?

ಚಿಲ್ಲರೆ ಹಾಡು ಎಂದು ಬರೆದಿದ್ದೀ. ಆ ಮಾತನ್ನು ಎರಡು ಸಲ ಓದಿದೆ. ಅವುಗಳನ್ನು ನೀನು ನನಗೆ ಪ್ರೀತಿಯಿಂದ ಬಿಟ್ಟುಕೊಟ್ಟದ್ದು ಎಂದು ಇಷ್ಟು ದಿನ ತಿಳಿದುಕೊಂಡಿದ್ದೆ. ಬೇಡವಾದದ್ದನ್ನು ಎತ್ತಿ ಹಾಕಿದ್ದು ಎಂದು ಈಗ ಗೊತ್ತಾಯಿತು. ಆ ಪದಗಳನ್ನು ಕೇಳಲೆಂದೇ ಮೂರು ತಾಸು ನಿನ್ನ ಸ್ವರಪ್ರಸ್ತಾರ ತಡೆದುಕೊಂಡು ಕೂತವರು ಎಷ್ಟು ಮಂದಿ ಇದ್ದರೆಂದು ನಿನಗೆ ಗೊತ್ತಿಲ್ಲ, ಏಕೆಂದರೆ ನೀನು ಹಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತೀ.

ಶಾಂತಕುಮಾರ ಅವರಿಗೆ ನನ್ನ ಹೆಸರು ಹೊಡೆದುಹಾಕಿರಿ ಎಂದು ಬರೆದಿದ್ದೇನೆ. ಗಂಟಲು ಸರಿಯಿಲ್ಲ, ಕಛೇರಿಗೆ ಕೂಡಲಾರೆ ಎಂದು ತಿಳಿಸಿದ್ದೇನೆ.

ಶಿವಲೀಲಾ


ಗಂಗಾವತಿ
7 ಜನವರಿ 2025

ಸುಳ್ಳುಗಾತಿಗೆ,

ನಿನ್ನ ಹೆಸರು ಬರೆಯಲು ಕೈ ಬರಲಿಲ್ಲ.

ಗಂಟಲು ಸರಿಯಿಲ್ಲದವಳು ತಾವರಗೇರಾದಲ್ಲಿ ಏನು ಮಾಡುತ್ತಿದ್ದೆ? ಹೊಳಿಯಪ್ಪ ಅಲ್ಲಿ ಯಾರದೋ ನಾಮಕರಣಕ್ಕೆ ಹೋಗಿದ್ದನಂತೆ. ಶನಿವಾರ ಸಂಜೆ ಹನುಮಪ್ಪನ ಗುಡಿಯ ಮೈಕಿನಲ್ಲಿ ಹಾಡು ಕೇಳಿ ನಿಂತ. ದನಿ ಯಾರದು ಎಂದು ಮೊದಲು ಗೊತ್ತಾಗಲಿಲ್ಲವಂತೆ, ಒಳಗೆ ಹೋಗಿ ನೋಡಿದರೆ ನೀನು. ಭಜನೆಯ ಹೆಂಗಸರ ನಡುವೆ ಕೂತು ಒಂದಾದ ಮೇಲೊಂದು ಪದ ಹಾಡುತ್ತಿದ್ದೀ. ನನ್ನ ಮುಂದೆ ಬಂದು, ‘ಸಣ್ಣಕ್ಕಾರ ದನಿ ಭಾಳ ಛಲೋ ಬಂದೈತ್ರಿ’ ಎಂದು ಹಲ್ಲು ಕಿಸಿದ. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ನಾನು ಇಲ್ಲಿ ಕಂಡಕಂಡವರಿಗೆಲ್ಲ ನಮ್ಮ ತಂಗಿಯ ಗಂಟಲು ಹೋಗಿದೆ ಎಂದು ಹೇಳಿ ಕಣ್ಣೀರು ಹಾಕಿದ್ದೇನೆ. ಹನುಮಪ್ಪನಿಗೆ ಹರಕೆ ಹೊತ್ತಿದ್ದೇನೆ, ಅಂಜನಾದ್ರಿಯ ಮೆಟ್ಟಿಲು ಹತ್ತಿ ಮಂಡಿ ನೋವು ತಂದುಕೊಂಡಿದ್ದೇನೆ. ನೀನು ಅಲ್ಲಿ ದಮ್ಮಡಿ, ತಾಳ ಬಡಿಯುವವರ ಜೊತೆ ಕೂತು ಹಾಡುತ್ತಿದ್ದೀ. ಅಮ್ಮ ಕಲಿಸಿದ್ದನ್ನು ಲೌಡ್‌ಸ್ಪೀಕರಿನಲ್ಲಿ ಸುರಿಯುತ್ತಿದ್ದೀ. ನನ್ನ ಪಕ್ಕದಲ್ಲಿ ಕೂಡಲು ಮಾತ್ರ ನಿನಗೆ ರೋಗ.

ನಿನ್ನ ಹೆಸರನ್ನು ಹೊಡೆದುಹಾಕಲು ನಾನು ಬಿಟ್ಟಿಲ್ಲ. ಪತ್ರಿಕೆ ಎಲ್ಲಾ ಕಡೆ ಹೋಗಿಯಾಗಿದೆ. ಬರದಿದ್ದರೆ ಆ ದಿನ ಮೈಕಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಶೇಖರಮ್ಮ


ಕುಷ್ಟಗಿ
11 ಜನವರಿ 2025

ಅಕ್ಕನಿಗೆ,

ಹೇಳು. ಮೈಕಿನಲ್ಲಿಯೇ ಹೇಳು. ಆದರೆ ಇದ್ದದ್ದು ಏನೆಂದು ಮೊದಲು ತಿಳಿದುಕೋ.

ತಾವರಗೇರಾ ನನ್ನ ಗಂಡ ಸಿದ್ದೇಶನ ಊರು, ಅತ್ತೆ ಇರುವುದು ಅಲ್ಲಿ. ಮಾತಾಡಬಾರದ ದಿನಗಳಲ್ಲಿ ಸಿದ್ದೇಶ ನನ್ನನ್ನು ಅಲ್ಲಿಗೆ ಬಿಟ್ಟು ಬರುತ್ತಿದ್ದ. ಶನಿವಾರ ಅತ್ತೆಯ ಜೊತೆ ಗುಡಿಗೆ ಹೋಗಿ ಮೂಲೆಯಲ್ಲಿ ಕೂತಿರುತ್ತಿದ್ದೆ. ಅಲ್ಲಿ ಹಾಡುವವರು ಕಳೆ ಕೀಳಲು ಹೋಗುವವರು, ಕುರಿ ಕಾಯುವವರು, ಒಬ್ಬಳು ಅಂಗನವಾಡಿಯವಳು. ಅವರಿಗೆ ಶ್ರುತಿಪೆಟ್ಟಿಗೆ ಇಲ್ಲ. ಯಾರು ಮೊದಲು ಬಾಯಿ ತೆಗೆಯುತ್ತಾರೋ ಅವರ ದನಿಯೇ ಅವತ್ತಿನ ಶ್ರುತಿ. ಹೆಚ್ಚಾಗಿ ಮಾಳವ್ವ ಎನ್ನುವ ಮುದುಕಿ ತೆಗೆಯುತ್ತಾಳೆ, ಅವಳದು ಗಂಡುದನಿ. ತಾಳ ತಪ್ಪುತ್ತಾರೆ, ಚರಣ ಹಿಂದುಮುಂದು ಮಾಡುತ್ತಾರೆ, ಅರ್ಧದಲ್ಲಿ ನಿಲ್ಲಿಸಿ ಮಕ್ಕಳಿಗೆ ಬೈಯುತ್ತಾರೆ. ಅವರೇನು ದೊಡ್ಡ ಗಾಯಕರು ಎಂದು ನಾನು ಹೇಳುತ್ತಿಲ್ಲ.

ಡಾಕ್ಟರು ಸಣ್ಣಗೆ ಹಾಡಿ ನೋಡಿರಿ ಎಂದು ಹೇಳಿದ ಮೇಲೆ ಒಂದು ಶನಿವಾರ ಅವರ ಜೊತೆ ಗುನುಗಿದೆ. ಅಕ್ಕಾ, ದನಿ ಬಂತು. ಎಳೆಯದೆ, ಕತ್ತಿನ ನರ ಉಬ್ಬಿಸದೆ, ತಾನಾಗಿ ಬಂತು. ನನ್ನ ದನಿ ಹೇಗಿದೆ ಎಂದು ಮೂವತ್ತೆಂಟು ವರ್ಷಕ್ಕೆ ನಾನು ಮೊದಲ ಸಲ ಕೇಳಿದೆ. ಗುಡಿಯಲ್ಲೇ ಅತ್ತುಬಿಟ್ಟೆ. ಆಮೇಲೆ ಮನೆಗೆ ಬಂದು ನಿನ್ನನ್ನು ನೆನೆದು ಹಲ್ಲು ಕಚ್ಚಿದೆ. ಇಷ್ಟು ಸುಲಭವಾದದ್ದನ್ನು ನನ್ನಿಂದ ಇಪ್ಪತ್ತು ವರ್ಷ ದೂರ ಇಟ್ಟೆಯಲ್ಲ ಎಂದು ಬಂದ ಸಿಟ್ಟು ಅದು, ಇವತ್ತಿಗೂ ಇಳಿದಿಲ್ಲ.

ಸುಳ್ಳು ಹೇಳಿಲ್ಲ ನಾನು. ನಿನ್ನ ಶ್ರುತಿಗೆ ನನ್ನ ಗಂಟಲು ಸರಿಯಿಲ್ಲ. ನನ್ನ ಶ್ರುತಿಗೆ ಸರಿ ಇದೆ.

ಜೋಡಿಯೇ ಬೇಕೆಂದಿದ್ದರೆ ಹೇಳು. ನಾಲ್ಕು ಮನೆಗೆ ಪೆಟ್ಟಿಗೆ ಇಡು. ಕನ್ನಡ ಪದಗಳನ್ನು ಕಛೇರಿಯ ಬಾಲಕ್ಕೆ ಕಟ್ಟಬೇಡ, ನಡುವಿಗೆ ತಾ. ಅಷ್ಟಾದರೆ ಭಾನುವಾರ ಬೆಳಿಗ್ಗೆ ಬಸ್ಸು ಹತ್ತುತ್ತೇನೆ. ನಿನ್ನ ಉತ್ತರ ಬರದಿದ್ದರೆ ಆಗುವುದಿಲ್ಲ ಎಂದು ತಿಳಿಯುತ್ತೇನೆ.

ಶಿವಲೀಲಾ


ಗಂಗಾವತಿ
22 ಜನವರಿ 2025

ಲೀಲಾ,

ಉತ್ತರ ಬರೆಯಲಿಲ್ಲ ನಾನು. ನಾಲ್ಕು ಮನೆಗೆ ಹಾಡು ಎಂದು ನನಗೆ ಹೇಳುವ ಧೈರ್ಯ ನಿನಗೆ ಎಲ್ಲಿಂದ ಬಂತು ಎಂದು ಯೋಚಿಸುತ್ತಲೇ ಭಾನುವಾರ ಬಂದುಬಿಟ್ಟಿತು. ಈಗ ಬರೆಯುತ್ತೇನೆ, ಏಕೆಂದರೆ ಆನೆಗೊಂದಿಯಲ್ಲಿ ನಡೆದದ್ದು ನಿನಗೆ ಬೇರೆಯವರ ಬಾಯಿಂದ ಮಸಾಲೆ ಹಚ್ಚಿ ಬರುವುದಕ್ಕಿಂತ ನಾನೇ ಹೇಳುವುದು ಮೇಲು.

ನಾನು ಒಬ್ಬಳೇ ಕೂತೆ. ಆರು ಮನೆ. ತಂಗಿ ಬಂದಿಲ್ಲ ಎಂದಷ್ಟೇ ಹೇಳಿದೆ, ಬೇರೇನೂ ಹೇಳಲಿಲ್ಲ, ಅದನ್ನು ನೆನಪಿಟ್ಟುಕೋ. ವರ್ಣ, ಕೃತಿಗಳು, ರಾಗ, ತಾನ ಎಲ್ಲ ಸುಸೂತ್ರ ನಡೆಯಿತು. ಬಳ್ಳಾರಿಯ ಪಿಟೀಲಿನವರು ಭೇಷ್ ಎಂದರು. ಜನ ಮಾತ್ರ ಅಲ್ಲಾಡದೆ ಕೂತಿದ್ದರು. ಹೊಳಿಯಪ್ಪನ ತನಿ ಮುಗಿದರೂ ಒಬ್ಬರೂ ಏಳಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ಹಿಂಡು ಹೆಂಗಸರು, ಮುಡಿಗೆ ಅಬ್ಬಲಿಗೆ ಮುಡಿದು, ಬುತ್ತಿ ಗಂಟು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದ ಖಾಲಿ ಜಾಗವನ್ನೇ ನೋಡುತ್ತಿದ್ದರು.

ಶಾಂತಕುಮಾರ ಚೀಟಿ ಕಳಿಸಿದ. ಹನುಮಪ್ಪನ ಪದ. ನಾವು ಪ್ರತಿ ಕಛೇರಿಯಲ್ಲಿ ಹಾಡುತ್ತಿದ್ದದ್ದು, ಬಾ ಬಾ ಎಂದು ಕರೆಯುವ ಪಲ್ಲವಿಯದು. ಪಲ್ಲವಿ ಎತ್ತಿದೆ, ಅದೇ ಸಾಲನ್ನು ಬಗೆಬಗೆಯಾಗಿ ತಿರುಗಿಸಿ ಸಂಗತಿ ಹಾಕಿದೆ. ಚರಣಕ್ಕೆ ಬಂದಾಗ ಬಾಯಿ ಖಾಲಿ. ಲೀಲಾ, ಆ ಪದದ ಚರಣಗಳನ್ನು ನಾನು ಒಂದು ಸಲವೂ ಹಾಡಿಲ್ಲ. ಪಲ್ಲವಿಗೆ ಮಾತ್ರ ನಿನ್ನ ಜೊತೆ ಕೂಡಿಕೊಳ್ಳುತ್ತಿದ್ದೆ. ನೀನು ಚರಣ ಹಾಡುವಾಗ ನಾನು ತಾಳ ಹಾಕುತ್ತ ನೀರು ಕುಡಿಯುತ್ತಿದ್ದೆ, ಮಂಗಳ ಯಾವ ರಾಗದಲ್ಲಿ ಹಾಡಲಿ ಎಂದು ಯೋಚಿಸುತ್ತಿದ್ದೆ. ಸಾವಿರ ಸಲ ಕಿವಿಗೆ ಬಿದ್ದದ್ದು ಬಾಯಿಗೆ ಬರಲಿಲ್ಲ.

ಮತ್ತೆ ಪಲ್ಲವಿ ಹಾಡಿದೆ. ಆಮೇಲೆ ಅದರ ಮೇಲೆ ಸ್ವರ ಹಾಕಿದೆ. ದೇವರನಾಮಕ್ಕೆ ಯಾರಾದರೂ ಅಷ್ಟುದ್ದ ಕಲ್ಪನಾಸ್ವರ ಹಾಕುತ್ತಾರೆಯೇ? ನಾನು ಹಾಕಿದೆ. ಮೇಲಿನ ಸ್ಥಾಯಿಗೆ ಹೋದೆ, ಕೆಳಗೆ ಬಂದೆ, ಮತ್ತೆ ಪಲ್ಲವಿಗೆ ಬಂದು ಬಿದ್ದೆ. ಪಿಟೀಲಿನವರು ನನ್ನ ಮುಖ ನೋಡಿದರು. ಆಗ ಮುಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದು ನಿಂತಳು. ಗಂಡುದನಿಯಲ್ಲಿ ಇಡೀ ಬಯಲಿಗೆ ಕೇಳುವಂತೆ ಹೇಳಿದಳು:

‘ಎಷ್ಟೊತ್ತು ಕರೀತೀಯವ್ವಾ ಅವನ್ನ? ಬಂದು ನಿಂತಾನ. ಮುಂದ ಹಾಡು.’

ನಾನು ಹಾಡಲಿಲ್ಲ. ಅವಳೇ ತೆಗೆದಳು. ಅವಳ ಸುತ್ತಲಿನ ಹೆಂಗಸರು ಹಿಡಿದರು, ಹಿಂದಿನ ಬಾಳೆ ತೋಟದವರು ಹಿಡಿದರು, ಹನುಮನಹಳ್ಳಿಯಿಂದ ಬಂದ ಭಕ್ತರೂ ಹಿಡಿದರು. ನನ್ನ ಪೆಟ್ಟಿಗೆ ಆರರಲ್ಲಿ ಒದರುತ್ತಿತ್ತು, ಅವರು ಎಲ್ಲೋ ಪಾತಾಳದಲ್ಲಿ ಹಾಡುತ್ತಿದ್ದರು. ಕಿವಿಯಲ್ಲಿ ಮರಳು ಹಾಕಿದ ಹಾಗಾಯಿತು. ಆ ಹೊಳಿಯಪ್ಪ, ನನ್ನ ಕಛೇರಿಯಲ್ಲಿ ನನ್ನ ಪಕ್ಕವಾದ್ಯ, ನನ್ನನ್ನು ಬಿಟ್ಟು ಅವರಿಗೆ ಮೃದಂಗ ನುಡಿಸಿದ. ಪೆಟ್ಟಿಗೆ ಬಂದ್ ಮಾಡಿ ಕೈಕಟ್ಟಿಕೊಂಡು ಕೂತೆ. ಮುಗಿದ ಮೇಲೆ ನಿನಗೆಂದು ತಂದಿದ್ದ ಶಾಲನ್ನು ಶಾಂತಕುಮಾರ ಆ ಮುದುಕಿಗೆ ಹೊದಿಸಿದ.

ಅವಳು ತಾವರಗೇರಾದವಳು ಎಂದು ಆಮೇಲೆ ಗೊತ್ತಾಯಿತು. ಬಾಡಿಗೆಗೆ ಕ್ರೂಸರ್ ಗಾಡಿ ಮಾಡಿಕೊಂಡು ಬಂದಿದ್ದರಂತೆ. ನನ್ನ ಮುಖಕ್ಕೆ ಮಸಿ ಬಳಿಯಲು ನೀನು ಮಂದಿ ಕಳಿಸುವ ಮಟ್ಟಕ್ಕೆ ಇಳಿಯುತ್ತೀ ಎಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಶೇಖರಮ್ಮ


ಕುಷ್ಟಗಿ
2 ಫೆಬ್ರವರಿ 2025

ಅಕ್ಕನಿಗೆ,

ಅವರನ್ನು ನಾನು ಕಳಿಸಲಿಲ್ಲ, ಕರೆಸಿದವಳು ನೀನು. ಪತ್ರಿಕೆಯ ಒಂದು ಪ್ರತಿಯನ್ನು ಯಾರೋ ತಾವರಗೇರಾದ ಗುಡಿಯ ಗೋಡೆಗೂ ಹಚ್ಚಿದ್ದರು. ಲೀಲಕ್ಕ ಆನೆಗೊಂದಿಯಲ್ಲಿ ಹಾಡುತ್ತಾಳೆ ಎಂದು ಅಂಗನವಾಡಿಯವಳು ಓದಿ ಹೇಳಿದಳಂತೆ. ನಾನು ಹೋಗುವುದಿಲ್ಲ ಎಂದು ಅವರಿಗೆ ಹೇಳಿದ್ದೆ. ಹೆಸರು ಬರದಾರಲ್ಲ, ಹೆಂಗ ಬರಂಗಿಲ್ಲ ಎಂದು ನನ್ನ ಮಾತು ಕಟ್ಟಿಹಾಕಿ ಹೊರಟರು. ಅಚ್ಚಾದ ಹೆಸರನ್ನು ನಂಬಿ, ಕೂಲಿ ಬಿಟ್ಟು, ಬುತ್ತಿ ಕಟ್ಟಿಕೊಂಡು ಬಂದವರು ಅವರು. ನಿನ್ನ ಮುಖಕ್ಕೆ ಮಸಿ ಬಳಿಯುವಷ್ಟು ಬಿಡುವು ಅವರಿಗಿಲ್ಲ.

ಮಾಳವ್ವ ಶಾಲು ಹೊದ್ದುಕೊಂಡೇ ನನ್ನ ಮನೆಗೆ ಬಂದಳು. ನಿಮ್ಮಕ್ಕ ಭಾಳ ಕಲ್ತಾಳ, ಖರೆ ಆಕಿಗೆ ಪದ ಯಾರೂ ಹೇಳಿಕೊಟ್ಟಿಲ್ಲೇನು ಎಂದು ಕೇಳಿದಳು. ನನಗೆ ನಗು ಬರಬೇಕಿತ್ತು. ಮೈಯೆಲ್ಲ ಉರಿಯಿತು. ನನ್ನ ಅಕ್ಕನನ್ನು ಹಾಗೆ ಅನ್ನಲು ಅವಳು ಯಾರು ಎನ್ನಿಸಿತು. ಅವಳೇ ಹಾಡಿ ತೋರಿಸಿದ ಹಾಗೆ, ಅವರೂ ಆ ದಿನ ಮೂರನೆಯ ಚರಣವನ್ನು ಎರಡನೆಯದಕ್ಕಿಂತ ಮೊದಲು ಹಾಡಿದ್ದಾರೆ, ಕಡಲು ದಾಟುವ ಮೊದಲೇ ಹನುಮಪ್ಪನನ್ನು ಬೆಟ್ಟದ ಮೇಲೆ ತಂದು ಕೂಡಿಸಿದ್ದಾರೆ. ಅದನ್ನು ಅವಳಿಗೆ ಹೇಳಿ ಕಳಿಸಿದೆ.

ಆದರೆ ನಿನ್ನ ಮೇಲಿನ ಸಿಟ್ಟು ಅದರಿಂದ ಕರಗಿತು ಎಂದುಕೊಳ್ಳಬೇಡ. ಇನ್ನೂ ಹೆಚ್ಚಾಯಿತು. ಇಪ್ಪತ್ತು ವರ್ಷ ನಾನು ನಿನ್ನ ಪಕ್ಕದಲ್ಲಿ ಕೂತು ಹಾಡಿದ ಚರಣಗಳ ಒಂದು ಸಾಲೂ ನಿನಗೆ ಬಾರದು ಎಂದು ನಿನ್ನ ಪತ್ರದಿಂದಲೇ ತಿಳಿಯಿತು. ಗಂಟಲು ಹೋದದ್ದಕ್ಕೆ ಡಾಕ್ಟರು ಕಾರಣ ಹೇಳಿದರು. ಇದಕ್ಕೆ ಏನು ಕಾರಣ ಅಕ್ಕಾ? ನಾನು ದನಿ ಹರಿದುಕೊಂಡು ಹಾಡುವಾಗ ನೀನು ನೀರು ಕುಡಿಯುತ್ತಿದ್ದೆ. ನೀನು ನನ್ನ ಹಾಡು ಕೇಳಿಯೇ ಇಲ್ಲ. ಕೇಳಿದ್ದರೆ ನನ್ನ ದನಿ ಒಡೆಯುತ್ತಿರುವುದು ಕೊಪ್ಪಳಕ್ಕಿಂತ ಬಹಳ ಮೊದಲೇ ನಿನಗೆ ಕೇಳಿಸುತ್ತಿತ್ತು.

ಇನ್ನು ನನಗೆ ಪತ್ರ ಬರೆಯಬೇಕೆಂದಿಲ್ಲ.

ಶಿವಲೀಲಾ


ಗಂಗಾವತಿ
28 ಫೆಬ್ರವರಿ 2025

ಲೀಲಾ,

ಬರೆಯಬೇಡ ಎಂದರೆ ಬಿಡುವವಳು ನಾನಲ್ಲ, ನಿನಗೆ ಗೊತ್ತು.

ನಿನ್ನ ಪತ್ರ ಬಂದ ಮೇಲೆ ಹತ್ತು ದಿನ ಪೆಟ್ಟಿಗೆ ಮುಟ್ಟಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲ ಎಂದು ತಿಳಿದು ಮುಳ್ಳನ್ನು ನಾಲ್ಕಕ್ಕೆ ತಂದು ಕೂತೆ. ಇಪ್ಪತ್ತು ವರ್ಷ ಏನು ಅಷ್ಟು ದೊಡ್ಡ ಕಷ್ಟಪಟ್ಟಿದ್ದಾಳೆ ನೋಡೋಣ ಎಂಬ ಸಿಟ್ಟಿನಲ್ಲಿಯೇ ಕೂತದ್ದು. ಸರಳೆವರಸೆ ಹಾಡಿದೆ. ಕೆಳಗಿನ ಪಂಚಮಕ್ಕೆ ಹೋದರೆ ಬರೀ ಗಾಳಿ ಬಂತು. ನನ್ನ ದನಿ ನನಗೇ ಸಿಗಲಿಲ್ಲ. ಒತ್ತಿ ಹಾಡಿದೆ, ಕೆಮ್ಮು ಬಂತು. ನಿಮ್ಮ ಮಾಮಾ ಯಾವಾಗಲೋ ಬಂದು ಒಳಗೆ ಮಲಗಿದ್ದರು, ಅಲ್ಲಿಂದಲೇ, ‘ಯಾರ್ ಬಂದಾರ ಮನಿಗೆ?’ ಎಂದು ಕೇಳಿದರು. ಇಪ್ಪತ್ತು ವರ್ಷಕ್ಕೆ ಹತ್ತಿರ ನನ್ನ ಹಾಡು ಕೇಳಿದ ಗಂಡನಿಗೆ ಅದು ನಾನೆಂದು ಗೊತ್ತಾಗಲಿಲ್ಲ. ಪೆಟ್ಟಿಗೆ ಮುಚ್ಚಿ ಅಡುಗೆಮನೆಗೆ ಹೋದೆ. ಅವತ್ತು ಸಾರಿಗೆ ಉಪ್ಪು ಎರಡು ಸಲ ಬಿತ್ತು, ಅವರು ನೀರು ಬೆರೆಸಿಕೊಂಡು ಉಂಡರು.

ಯುಗಾದಿಯ ಹಿಂದಿನ ಭಾನುವಾರ ಅಮ್ಮನ ಆರಾಧನೆ. ಕ್ಯಾಂಪಿನಲ್ಲಿ ಅಮ್ಮನ ಮಗ ಪೆಂಡಾಲು ಹಾಕಿಸುತ್ತಾನೆ, ಅವನು ಈ ಸಲವೂ ಇಬ್ಬರನ್ನೂ ಕರೆದಿದ್ದಾನೆ. ನಾಲ್ಕು ಮನೆಗೆ ಹಾಡೋಣ. ನನ್ನ ದನಿ ಕೇಳುವುದಿಲ್ಲ ಎಂದು ಯಾರಾದರೂ ಅಂದರೆ ಅನ್ನಲಿ. ಹನುಮಪ್ಪನ ಪದವನ್ನು ನಡುವಿಗೇ ಇಡೋಣ, ಚರಣಗಳಿಗೂ ನಾನು ಕೂಡುತ್ತೇನೆ. ಇದನ್ನು ಬರೆಯಲು ನನಗೆ ಎಷ್ಟು ಉರಿಯುತ್ತಿದೆ ಎಂದು ನಿನಗೆ ಗೊತ್ತಾಗುವುದಿಲ್ಲ, ಗೊತ್ತಾಗುವುದೂ ಬೇಡ.

ಮೂರೂ ಚರಣ ಬರೆದು ಬೇಗ ಪೋಸ್ಟಿಗೆ ಹಾಕು. ಯಮನೂರನ ಕೈಯಲ್ಲಿ ಕೊಟ್ಟರೂ ಆದೀತು.

ಶೇಖರಮ್ಮ


ಕುಷ್ಟಗಿ
5 ಮಾರ್ಚ್ 2025

ಅಕ್ಕನಿಗೆ,

ಬರೆದು ಕಳಿಸುವುದಿಲ್ಲ.

ಅಮ್ಮ ನಮಗೆ ಯಾವ ಪದವನ್ನೂ ಬರೆದು ಕೊಡಲಿಲ್ಲ. ಒಂದೊಂದು ಸಾಲು ಹೇಳಿ ತೊಡೆ ತಟ್ಟುತ್ತ ಹೇಳಿಸಿದರು, ಬರುವವರೆಗೆ ಮುಂದಿನ ಸಾಲಿಗೆ ಬಿಡಲಿಲ್ಲ. ನಾನೂ ಹಾಗೆಯೇ ಕಲಿಸುತ್ತೇನೆ. ಶನಿವಾರ ಮಧ್ಯಾಹ್ನ ಲೈಬ್ರರಿ ಮುಚ್ಚಿದ ಮೇಲೆ ಮನೆಯಲ್ಲಿರುತ್ತೇನೆ. ನೀನೇ ಬಾ, ಯಮನೂರನನ್ನು ಕಳಿಸಬೇಡ. ತಪ್ಪಿದರೆ ತಪ್ಪು ಎನ್ನುತ್ತೇನೆ, ಮತ್ತೆ ಹೇಳು ಎನ್ನುತ್ತೇನೆ, ನೀನು ದೊಡ್ಡವಳೆಂದು ಒಂದು ಸಾಲೂ ಬಿಡುವುದಿಲ್ಲ.

ಬಂದು ಪಕ್ಕದಲ್ಲಿ ಕೂಡಬೇಡ. ಎದುರಿಗೆ ಕೂಡು.

ಶಿವಲೀಲಾ